ಸಾಲಿನ ಮೊದಲಲ್ಲಿ ಗೋವಿಂದಮ್ಮ

ಎಂಪಿ ಓಟಿನ ದಿನ ಗೋವಿಂದಮ್ಮ ಹೊಸಿಲು ದಾಟುವ ತನಕ ನಮ್ಮ ಬೀದಿಯ ಯಾವ ಹೆಂಗಸೂ ಮನೆ ಬಿಟ್ಟು ಕದಲುವುದಿಲ್ಲ. ನಾನು ಕಳಲೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಇದು ಗೊತ್ತಿರಲಿಲ್ಲ. ಬೇಗ ಓಟು ಹಾಕಿ ಬಂದು ಟೈಲರಿಂಗ್ ಮಿಷನ್ ಮುಂದೆ ಕೂರೋಣ ಎಂದು ಬೆಳಿಗ್ಗೆಯೇ ಹೊರಟಿದ್ದೆ. ಪಕ್ಕದ ಮನೆ ಪವಿತ್ರ ನನ್ನ ರಟ್ಟೆ ಹಿಡಿದು ಎಳೆದಳು. "ನಿಮ್ಮಜ್ಜಿ ಇನ್ನೂ ಒಂಟಿಲ್ಲ, ನೀನೆಲ್ಲಿಗವ್ವ ಓಯ್ತಿದ್ದೀಯೆ? ಗ್ಯಾನ ಅದಾ ನಿಂಗೆ?" ಎಂದಳು. ಮದುವೆಯಾಗಿ ಮೂರು ತಿಂಗಳಿಗೇ ಬೀದಿಯವರ ಕೈಲೆಲ್ಲ ಬೈಸಿಕೊಂಡ ಸೊಸೆ ನಾನು.

ಗೋವಿಂದಮ್ಮ ನನ್ನ ಗಂಡ ಸಿದ್ಧಾರ್ಥನ ಅಜ್ಜಿ, ನಮ್ಮ ಮಾವನ ತಾಯಿ. ವಯಸ್ಸು ಎಂಬತ್ತಾರು. ಮಾವ ಈಗಿಲ್ಲ. ಅತ್ತೆ ನಂಜನಗೂಡಿನಲ್ಲಿ ನಾದಿನಿ ಸಂಘಮಿತ್ರಾಳ ಬಾಣಂತನಕ್ಕೆ ಹೋದವರು ಮೊಮ್ಮಗುವನ್ನು ಬಿಟ್ಟು ಬರಲಾರದೆ ಅಲ್ಲೇ ಉಳಿದಿದ್ದಾರೆ. ಹಾಗಾಗಿ ಸೋಸಲೆ ದಾಟಿ ಕಾವೇರಿ ದಡದಲ್ಲಿರುವ ಈ ಊರಿನ ಕೆಳಗಿನ ಬೀದಿಯ ಮನೆಯಲ್ಲಿ ನಾವು ಮೂರೇ ಜನ.

ಅಜ್ಜಿಯ ಕಬ್ಬಿಣದ ಪೆಟ್ಟಿಗೆಯಲ್ಲಿ ಒಂದು ಸೀರೆ ಇದೆ. ಗಿಳಿಹಸಿರು ಬಣ್ಣ, ಕೆಂಪು ಅಂಚು. ಅದಕ್ಕೆ ಓಟಿನ ಸೀರೆ ಎಂದೇ ಹೆಸರು. ಅರವತ್ತೇಳನೇ ಇಸವಿಯಲ್ಲಿ ಕೊಯ್ಲಿನ ಕೂಲಿಯಲ್ಲಿ ಟಿ. ನರಸೀಪುರದ ಅಂಗಡಿಯಲ್ಲಿ ಕೊಂಡದ್ದಂತೆ. ಎಂಪಿ ಓಟಿನ ದಿನ ಉಡುತ್ತಾರೆ, ಮಾರನೇ ದಿನ ಒಗೆದು ಮಡಿಸಿಡುತ್ತಾರೆ. ಮೊಮ್ಮಗನ ಮದುವೆಗೂ ಅದನ್ನು ಉಡಲಿಲ್ಲ. ಎಮ್ಮೆಲ್ಲೆ ಓಟಿಗೂ ಇಲ್ಲ, ಪಂಚಾಯ್ತಿ ಓಟಿಗಂತೂ ಕೇಳುವುದೇ ಬೇಡ. "ಪಂಚಾಯ್ತೀಲಿ ನಿಂತಿರೋನು ದಿನಾ ಬೆಳಿಗ್ಗೆ ನಲ್ಲಿತವು ಸಿಕ್ತಾನೆ, ಅವ್ನಿಗೇನು ಸೀರೆ ಉಟ್ಕೊಂಡು ಓಗೋದು?" ಎಂದು ನಗುತ್ತಿದ್ದರು.

ಆ ಅರವತ್ತೇಳರ ಕಥೆ ಬೀದಿಯ ಮಕ್ಕಳಿಗೂ ಬಾಯಿಪಾಠ. ಆಗೆಲ್ಲ ಮೇಲಿನ ಬೀದಿಯವರದು ಮುಗಿದ ಮೇಲೆ ನಮ್ಮವರನ್ನು ಕರೆಯುವುದು. ಅಲ್ಲಿಯ ತನಕ ಸ್ಕೂಲಿನ ಹಿಂದಿನ ಹೊಂಗೆ ಮರದ ಬುಡದಲ್ಲಿ ಕಾದು ಕೂತಿರಬೇಕು. ಆ ಸಲ ಗೋವಿಂದಮ್ಮ ಬೆಳಕು ಹರಿಯುವ ಮುಂಚೆಯೇ ಹೊಸ ಸೀರೆ ಉಟ್ಟು ಹೋಗಿ ಸ್ಕೂಲಿನ ಬಾಗಿಲಿಗೆ ನಿಂತರು. ಪಟೇಲರ ಮನೆಯವರು ಬಂದು ನೋಡಿದರೆ ಮುಂದೆ ಈಯಮ್ಮ. ಪಟೇಲರ ಆಳು ಬಂದು ಪಕ್ಕಕ್ಕೆ ಸರಿ ಎಂದ. ಇವರು ಸರಿಯಲಿಲ್ಲ. ಗದ್ದಲ ಕೇಳಿ ಒಳಗಿನಿಂದ ಬಂದ ಪರಸ್ಥಳದ ಆಫೀಸರು, ಮೊದಲು ಬಂದವರು ಮೊದಲು ಎಂದು ಒಂದೇ ಮಾತು ಹೇಳಿ ಒಳಕ್ಕೆ ಹೋದರು. ಅವತ್ತು ಈ ಊರಿನ ಮೊದಲ ಓಟು ಗೋವಿಂದಮ್ಮನದು. ಅದರ ಫಲವಾಗಿ ಆ ವರ್ಷವೆಲ್ಲ ಪಟೇಲರ ಗದ್ದೆಗೆ ಅವರನ್ನೂ ತಾತ ಚನ್ನಯ್ಯನವರನ್ನೂ ಕೂಲಿಗೆ ಕರೆಯಲಿಲ್ಲ, ಸೋಸಲೆಗೆ ನಡೆದುಹೋಗಿ ದುಡಿದರು. ಮುಂದಿನ ಓಟಿಗೆ ಬೀದಿಯ ಹೆಂಗಸರೆಲ್ಲ ಅವರ ಹಿಂದೆ ನಡೆದರು. ಅಲ್ಲಿಂದ ಇಲ್ಲಿಯವರೆಗೂ ಅದು ತಪ್ಪಿಲ್ಲ. ಸಿದ್ಧಾರ್ಥ ಹುಟ್ಟಿದ್ದು ಎಂಬತ್ತೊಂಬತ್ತರ ಓಟಿನ ಹಿಂದಿನ ದಿನ. ಹೆರಿಗೆ ಮಾಡಿಸಿದ ಅಜ್ಜಿ ಬೆಳಿಗ್ಗೆ ಸ್ನಾನ ಮಾಡಿ ಸೀರೆ ಉಟ್ಟು ಹೊರಟೇಬಿಟ್ಟರಂತೆ. ಅತ್ತೆ ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ.

ಇನ್ನು ನನ್ನ ಗಂಡನ ವಿಷಯ. ಟಿ. ನರಸೀಪುರದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕರು. ಊಟಕ್ಕೆ ಕೂತರೂ ಪಾಠವೇ. "ನೋಡಜ್ಜಿ, ಅರವತ್ತೆರಡ್ರಲ್ಲಿ ನಮ್ಮ ರಾಜ್ಯದಿಂದ ಲೋಕಸಭೆಗೆ ಇಪ್ಪತ್ತಾರು ಜನ. ಅರವತ್ತೇಳಕ್ಕೆ ಇಪ್ಪತ್ತೇಳು. ಎಪ್ಪತ್ತೇಳಕ್ಕೆ ಇಪ್ಪತ್ತೆಂಟು. ಅಲ್ಲಿಗೇ ನಿಂತದೆ. ಮುಂದೆ ಕ್ಷೇತ್ರ ವಿಂಗಡಣೆ ಮಾಡುದ್ರೆ ದಿಲ್ಲೀಲಿ ನಮ್ಮ ಪಾಲು ಕಮ್ಮಿ ಆಗೋಗ್ಬೋದು" ಎನ್ನುವರು. ಅಜ್ಜಿ ಮುದ್ದೆ ಮುರಿಯುತ್ತಾ ಕೇಳಿಸಿಕೊಂಡು, "ಎಷ್ಟ್ ಜನ ಓಯ್ತಾರೋ ನಿಮ್ಮ ಲೆಕ್ಕ ಕಣಪ್ಪ. ಚಾಮರಾಜನಗರದಿಂದ ನಮ್ಮೋನೊಬ್ಬ ಓಯ್ತಾನಲ್ಲ, ಅವ್ನ ನಾನು ಕಳಿಸ್ಬೇಕು" ಎನ್ನುವರು. ಹಾಗೆ ಕಳಿಸಿದವರಲ್ಲಿ ಒಬ್ಬರಾದರೂ ನಮ್ಮ ಬೀದಿಗೆ ಕಾಲಿಟ್ಟಿದ್ದಾರಾ ಎಂದು ನಾನೊಮ್ಮೆ ಸಿಟ್ಟಿನಲ್ಲಿ ಕೇಳಿದ್ದೆ. ಒಂದು ಸಲ ಕಾರು ಹೋದ ಧೂಳು ನೋಡಿದ್ದೇನೆ ಎಂದರು.

ಇಂಥ ಅಜ್ಜಿಯ ಓಟಿಗೆ ಹೋದ ಸಲ, ಎರಡು ಸಾವಿರದ ಇಪ್ಪತ್ನಾಲ್ಕರ ಏಪ್ರಿಲ್ಲಿನಲ್ಲಿ, ಕಲ್ಲು ಬಿತ್ತು. ಹಾಕಿದವರು ಶತ್ರುಗಳಲ್ಲ. ನನ್ನ ಗಂಡನೇ.

ಎಂಬತ್ತೈದು ದಾಟಿದವರಿಗೆ ಮನೆಯಲ್ಲೇ ಓಟು ಹಾಕುವ ಅವಕಾಶ ಬಂದಿತ್ತು. ಅಂಗನವಾಡಿ ಟೀಚರ್ ಇಂದ್ರಾಣಿ ಅದಕ್ಕೊಂದು ಫಾರಂ ಹಿಡಿದು ಬಂದಾಗ ನಾನು ಕಳಲೆಯಲ್ಲಿದ್ದೆ, ತಮ್ಮನ ಮಗುವಿನ ನಾಮಕರಣಕ್ಕೆ. ಅಜ್ಜಿ ಹಿತ್ತಲಲ್ಲಿ ಹುಣಸೆಹಣ್ಣು ಬಡಿಯುತ್ತಿದ್ದರು. "ಸರ್ಕಾರದ್ದು ಅಜ್ಜಿ, ಒತ್ತು" ಎಂದು ಸಿದ್ಧಾರ್ಥ ಹೆಬ್ಬೆಟ್ಟು ಒತ್ತಿಸಿದರು. ಪಿಂಚಣಿಯದಿರಬೇಕು ಎಂದು ಅಜ್ಜಿ ಒತ್ತಿದರು. ಎರಡು ಮಾತು ಬಿಡಿಸಿ ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಕಾಲೇಜಿನಲ್ಲಿ ಗಂಟೆಗಟ್ಟಲೆ ಮಾತಾಡುವ ಮನುಷ್ಯ!

ಓಟಿಗೆ ಹತ್ತು ಹನ್ನೆರಡು ದಿನ ಇರುವಾಗ ಮನೆ ಮುಂದೆ ಒಂದು ಸರ್ಕಾರಿ ಜೀಪು ಬಂದು ನಿಂತಿತು. ಇಬ್ಬರು ಆಫೀಸರು, ಒಬ್ಬ ಪೊಲೀಸು, ವಿಡಿಯೊ ತೆಗೆಯುವ ಹುಡುಗ, ಜೊತೆಗೆ ಇಂದ್ರಾಣಿ. ಆಫೀಸರುಗಳಲ್ಲಿ ಮುಖ್ಯಸ್ಥೆ ವಾಣಿ ಎಂಬ ಮೇಡಂ, ಹುಲ್ಲಹಳ್ಳಿ ಕಡೆಯವರು, ಟೀಚರ್. ಅಜ್ಜಿ ಜಗಲಿಯ ಮೇಲೆ ಕೂತಿದ್ದರು.

"ಯಾರವ್ವ ನೀವು?" ಎಂದು ಕೇಳಿದರು.

"ಓಟು ತಂದಿದ್ದೀವಿ ಅಜ್ಜಿ. ನೀವು ಸ್ಕೂಲಿಗೆ ಬರೋದು ಬೇಡ. ಇಲ್ಲೇ ಹಾಕಿಬಿಡಿ" ಎಂದರು ವಾಣಿ ಮೇಡಂ.

ಅಜ್ಜಿಯ ಮುಖ ಬಿಳಿಚಿಕೊಂಡಿತು. ಎದ್ದು ಒಳಗೆ ಹೋದರು. ಸೀರೆ ಉಡಲು ಹೋದರೇನೋ ಎಂದು ನಾವೆಲ್ಲ ಕಾದೆವು. ಎಷ್ಟು ಹೊತ್ತಾದರೂ ಸದ್ದಿಲ್ಲ. ಒಳಗೆ ಹೋಗಿ ನೋಡಿದರೆ ಹಿತ್ತಲ ಬಾಗಿಲು ಹಾರು ಹೊಡೆದಿದೆ. ಎಂಬತ್ತಾರರ ಮುದುಕಿ ಕಬ್ಬಿನ ಗದ್ದೆಗೆ ಇಳಿದು ಮಾಯವಾಗಿದ್ದರು. ನಾನು ಬದುವಿನ ಮೇಲೆ ನಿಂತು ಗಂಟಲು ಹರಿಯುವ ಹಾಗೆ ಕೂಗಿದೆ.

ವಾಣಿ ಮೇಡಂ ಗೈರುಹಾಜರಿ ಎಂದು ಬರೆದುಕೊಂಡರು. "ನಾಡಿದ್ದು ಮಧ್ಯಾಹ್ನ ಇನ್ನೊಂದು ಸಲ ಬರ್ತೀವಿ. ಅದೇ ಕೊನೆ. ಅವತ್ತೂ ಇಲ್ಲದಿದ್ರೆ ಮತ್ತೆ ಬರೋದಿಲ್ಲ" ಎಂದರು.

"ಬರ್ದಿದ್ರೆ ಬ್ಯಾಡ ಬುಡಿ ಮೇಡಂ, ಯಾವಾಗಲೂ ಹೋಗೋ ಹಂಗೆ ಸ್ಕೂಲಿಗೇ ಬಂದು ಹಾಕ್ತಾರೆ" ಎಂದೆ ನಾನು.

ಇಂದ್ರಾಣಿ ನನ್ನನ್ನು ಪಕ್ಕಕ್ಕೆ ಕರೆದಳು. "ಅದಾಗಕಿಲ್ಲ ಕಣೇ ಕೋಮ್ಲಾ. ಮನೆ ಓಟಿಗೆ ಒಪ್ಪಿಗೆ ಕೊಟ್ಟೋರ ಎಸ್ರಿಗೆ ಗುರ್ತು ಆಕಿರ್ತಾರೆ. ಸ್ಕೂಲಲ್ಲಿ ಅವ್ರಿಗೆ ಓಟಿಲ್ಲ. ಮನೇಲಿ ಆಕುದ್ರೆ ಉಂಟು, ಇಲ್ದಿದ್ರೆ ಈ ಸಲ ನಿಮ್ಮಜ್ಜಿದು ಓಯ್ತು ಅಂತ್ಲೇ ತಿಳ್ಕೊ."

ಸಂಜೆ ಗಂಡ ಬಂದ ಕೂಡಲೇ ಬಾಯಿಗೆ ಬಂದಂತೆ ಬೈದೆ. "ಅಯ್ಯೋ, ಬಿಸಿಲಲ್ಲಿ ನಿಂತು ಏನಾದ್ರೂ ಆದ್ರೆ ಅಂತ ಮಾಡ್ದೆ ಕಣೇ" ಎಂದು ಅವರು ತಲೆ ಮೇಲೆ ಕೈ ಹೊತ್ತು ಕೂತರು. ಕತ್ತಲಾಗುವ ಹೊತ್ತಿಗೆ ಅಜ್ಜಿ ಬಂದರು, ಕೈಮೇಲೆಲ್ಲ ಕಬ್ಬಿನ ಗರಿ ಗೀರಿದ ಗುರುತು. ಮೊಮ್ಮಗನ ಮುಖ ನೋಡಲಿಲ್ಲ. ಗೋಡೆಗೆ ಹೇಳುವಂತೆ ಕೇಳಿದರು.

"ಅವ್ರು ಬಂದಾಗ ನಾನು ಮನೇಲಿಲ್ದೋದ್ರೆ ಏನಾಯ್ತದೆ?"

"ಮನೇಲಿಲ್ಲ ಅಂದ್ರೆ ಈ ಮನೆ ಓಟು ಕ್ಯಾನ್ಸಲ್ ಆಗೋಯ್ತದೆ ಅಜ್ಜಿ. ಅದಕ್ಕೇ ಹೇಳೋದು, ಇರು ಅಂತ" ಎಂದರು ಸಿದ್ಧಾರ್ಥ.

ಅಜ್ಜಿ ಹೂಂ ಎಂದು ಹೋಗಿ ಮಲಗಿದರು. ಸದ್ಯ, ಒಪ್ಪಿಕೊಂಡರು ಎಂದುಕೊಂಡೆವು ನಾವು. ನಮ್ಮಿಬ್ಬರ ತಲೆಯಲ್ಲೂ ಮಣ್ಣೇ ಇದ್ದದ್ದು.

ನಾಡಿದ್ದು ಎಂದ ದಿನ ಬಂತು. ನಾನು ಡೈರಿಗೆ ಹಾಲು ಹಾಕಿ ಬಂದು ನೋಡುತ್ತೇನೆ, ಜಗಲಿ ಖಾಲಿ. ಊರುಗೋಲಿಲ್ಲ. ಪೆಟ್ಟಿಗೆಯ ಮುಚ್ಚಳ ತೆರೆದಿದೆ, ಓಟಿನ ಸೀರೆಯೂ ಇಲ್ಲ. ಪವಿತ್ರನನ್ನು ಕೇಳಿದರೆ, "ಆಗ್ಲೇ ಬಸ್ ಅತ್ತುದ್ರಲ್ಲ, ಕೈಲಿ ಬ್ಯಾಗಿತ್ತು" ಎಂದಳು. ಹೆಂಗಸರಿಗೆ ಬಸ್ಸು ಫ್ರೀ ಮಾಡಿದ್ದು ಒಳ್ಳೆಯದೇ, ಆದರೆ ನಮ್ಮಜ್ಜಿ ಓಡಿಹೋಗುವುದಕ್ಕೂ ಅದೇ ಅನುಕೂಲವಾಯಿತಲ್ಲ!

ನಂಜನಗೂಡಿಗೆ ಫೋನ್ ಮಾಡಿದೆ. ನಾದಿನಿ ಎತ್ತಿದಳು.

"ಅಜ್ಜಿ ಬಂದವ್ರಾ?"

"ಇಲ್ವಲ್ಲ ಅತ್ತಿಗೆ. ಯಾಕೆ?"

ಅವಳ ಹಿಂದೆಯೇ ಒಂದು ಕೆಮ್ಮು ಕೇಳಿಸಿತು. ಹತ್ತು ವರ್ಷದಿಂದ ಆ ಕೆಮ್ಮು ಕೇಳುತ್ತಾ ಮಲಗಿದವಳು ನಾನು. "ಸಂಘಮಿತ್ರಾ, ಅವರನ್ನ ಅಲ್ಲಿಂದ ಅಲ್ಲಾಡೋಕೆ ಬಿಡಬೇಡ. ಬಿಟ್ಟೆ ಅಂದ್ರೆ ನಿನ್ನ ಮನೆ ಹೊಸಿಲು ತುಳಿಯೋಳಲ್ಲ ನಾನು" ಎಂದು ಇಟ್ಟೆ. ಗಂಡನಿಗೆ ಮಾಡಿದರೆ ಕ್ಲಾಸಿದೆ ಎಂದರು. ಏನು ಪಾಠ ಎಂದು ಕೇಳಿದೆ. "ಪ್ರಾತಿನಿಧ್ಯ" ಎಂದರು. ನನ್ನ ಪಿತ್ತ ನೆತ್ತಿಗೇರಿತು. ಆಗ ನಾನು ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಬೈಕು ಬಂದು ನಿಂತಿತು.

ದಾರಿಯುದ್ದಕ್ಕೂ ಬಿಸಿಲು ಸುಡುತ್ತಿತ್ತು. ಜೀಪು ಯಾವ ಊರಿನಲ್ಲಿದೆಯೋ, ನಮ್ಮೂರಿಗೆ ಯಾವಾಗ ಬರುತ್ತದೋ ಎಂಬುದೊಂದೇ ನನ್ನ ತಲೆಯಲ್ಲಿ.

ನಂಜನಗೂಡಿನ ಮನೆಯಲ್ಲಿ ಅಜ್ಜಿ ಮರಿಮಗುವನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದರು. ಸೀರೆಯ ಬ್ಯಾಗು ಪಕ್ಕದಲ್ಲೇ. ನಮ್ಮನ್ನು ನೋಡಿ ಬೆಚ್ಚಲಿಲ್ಲ.

"ಯಾಕವ್ವ ಬಂದ್ರಿ? ಓಟಿನ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನಾನೇ ಬತ್ತೀನಿ. ಅಲ್ಲೀಗಂಟ ಇಲ್ಲೇ ಇರ್ತೀನಿ. ಮನೆ ಓಟು ಕ್ಯಾನ್ಸಲ್ ಆಗ್ಲಿ, ಸ್ಕೂಲಲ್ಲಿ ನಂದು ನಂಗಿರ್ತದೆ" ಎಂದರು.

ಆಗ ನಮಗೆ ಅರ್ಥವಾಯಿತು, ಅವರು ಯಾಕೆ ಓಡಿಬಂದರೆಂದು. ಸಿದ್ಧಾರ್ಥ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ಇಲ್ಲ ಅಜ್ಜಿ, ನಾನು ಸರಿಯಾಗಿ ಹೇಳ್ನಿಲ್ಲ. ಇದು ಹೋದ್ರೆ ಅದೂ ಇಲ್ಲ. ಸ್ಕೂಲಲ್ಲಿ ಒಳಕ್ಕೆ ಬುಡಕಿಲ್ಲ ನಿನ್ನ" ಎಂದರು.

"ಸುಳ್ಳು" ಎಂದರು ಅಜ್ಜಿ. ಮಗುವನ್ನು ಅತ್ತೆಯ ಕೈಗೆ ಕೊಟ್ಟರು. "ಮನೆತಂಕ ಬಂದು, ನೀನು ಬರೋದ್ ಬ್ಯಾಡ, ಇಲ್ಲೇ ಇರು ಅನ್ನೋರ್ನ ನಾನು ನಂಬಕಿಲ್ಲ ಕಣ್ಲಾ. ಒಂದ್ಸಲ, ಅಲ್ಲೇ ಕಾದ್ಕೊಂಡಿರಿ ಅಂದೋರ್ನ ನಂಬಿ ಕೆಟ್ಟಿವ್ನಿ."

ಅಲ್ಲಿ ಕೂತಿದ್ದ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲದ ಕಥೆಯನ್ನು ಅಜ್ಜಿ ಆಗ ಹೇಳಿದರು. ಅದು ಅರವತ್ತೇಳರದಲ್ಲ, ಅದಕ್ಕೂ ಹಿಂದಿನ ಅರವತ್ತೆರಡರದು. ಅವರ ಮೊದಲ ಓಟು. ಹೊಸ ಮದುವಣಗಿತ್ತಿ, ತಲೆ ಬಾಚಿ ಹೂ ಮುಡಿದು ಅತ್ತೆಯ ಹಿಂದೆ ಹೋಗಿದ್ದರು. ಹೊಂಗೆ ಮರದ ಬುಡದಲ್ಲಿ ಬೀದಿಯವರೆಲ್ಲ ಹೊತ್ತು ಇಳಿಯುವ ತನಕ ಕಾದರು. ಕೊನೆಗೆ ಬಾಗಿಲ ಹತ್ತಿರ ಹೋದರೆ ಪಟೇಲರ ಆಳು ಅಡ್ಡ ನಿಂತಿದ್ದ. "ನಿಮ್ದೆಲ್ಲ ಆಗೋಯ್ತು, ಓಗಿ" ಎಂದ. ಅಷ್ಟೂ ಜನರ ಓಟನ್ನು ಯಾರೋ ಹಾಕಿ ಮುಗಿಸಿದ್ದರು.

"ನಮ್ಮತ್ತೆ, ಆಗೋಯ್ತಂತೆ ಬಾರವ್ವ, ಒಳ್ಳೇದೇ ಆಯ್ತು ಅಂದ್ರು. ಬಿಸಿಲಲ್ಲಿ ನಿಲ್ಲೋದು ತಪ್ತು ಅಂತ ಎಲ್ರೂ ನಕ್ಕೊಂಡು ಬಂದ್ರು. ನಾನೂ ಬಂದೆ. ಮನೇಗ್ ಬಂದ್ಮೇಲೆ ಅಳು ಬಂತು ಕಣವ್ವ. ನಾನು ಅಲ್ಲಿ ನಿಂತಿವ್ನಿ, ನನ್ನ ಮುಂದೇನೇ ನಂದು ಆಗೋಯ್ತು ಅಂತವ್ನಲ್ಲ. ಯಾರು ಆಕುದ್ರು? ಯಾರ್ಗೆ ಆಕುದ್ರು? ಐದ್ ವರ್ಸ ಅದೇ ಕೊರೀತಿತ್ತು." ಸೀರೆಯ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡರು. "ಅದ್ಕೇ ನಾನು ಎಲ್ರಿಗಿಂತ ಮುಂದೆ ಓಗಿ ನಿಲ್ಲೋದು."

ಸಂಘಮಿತ್ರಾ ಬಾಯಿಗೆ ಸೆರಗು ಒತ್ತಿ ಅಳುತ್ತಿದ್ದಳು. ಆದರೆ ಅಳುತ್ತಾ ಕೂತರೆ ಜೀಪು ಬಂದು ಹೋಗುತ್ತದೆ. ಯಾವತ್ತೂ ಅಜ್ಜಿಯನ್ನು ನೀವು ಎಂದೇ ಕರೆಯುವ ನಾನು ಅವತ್ತು ಎಲ್ಲ ಮರೆತೆ.

"ಅಜ್ಜಿ, ಅವತ್ತು ಅವರು ಕಿತ್ಕೊಂಡ್ರು. ಇವತ್ತು ಯಾರು ಕಿತ್ಕೊತಾ ಇರೋದು? ನೀನೇ! ನೀನೇ ನಿನ್ ಕೈಯಾರ ಬಿಸಾಕ್ತಾ ಇದ್ದೀಯ! ಪಟೇಲರೂ ಇಲ್ಲ, ಅವರ ಆಳೂ ಇಲ್ಲ. ನಿನ್ನ ಓಟನ್ನ ಬೇರೆಯವರೂ ಹಾಕಲ್ಲ, ನೀನೂ ಹಾಕಲ್ಲ. ನಿನ್ನ ಮೊಮ್ಮಗ ಬುದ್ಧಿಗೇಡಿ, ತಪ್ಪು ಮಾಡ್ದ. ಅವನ ಮೇಲಿನ ಸಿಟ್ಟಿಗೆ ನಿನ್ನ ಓಟು ಕಳ್ಕೊತೀಯಾ?"

ಅತ್ತೆ ನನ್ನನ್ನು ಕಣ್ಣಲ್ಲೇ ಗದರಿದರು. ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಕಪಾಳಕ್ಕೆ ಒಂದು ಬಿಡುತ್ತಾರೆ ಎಂದುಕೊಂಡೆ.

"ಊರುಗೋಲು ಕೊಡವ್ವ" ಎಂದರು.

ಬಸ್ಸಿಗೆ ಕಾದರೆ ಆಗುವ ಕೆಲಸವಲ್ಲ. ಅಜ್ಜಿಯನ್ನು ಮಧ್ಯೆ ಕೂರಿಸಿ, ಹಿಂದೆ ನಾನು ಅವರನ್ನು ತಬ್ಬಿ ಕೂತೆ. ಮೂರು ಜನ ಒಂದು ಬೈಕಿನಲ್ಲಿ. ತಪ್ಪೇ, ಒಪ್ಪುತ್ತೇನೆ. ನಂಜನಗೂಡು ದಾಟಿ ಸ್ವಲ್ಪ ದೂರ ಬಂದಿದ್ದೆವೋ ಇಲ್ಲವೋ, ಎಲೆಕ್ಷನ್ ಚೆಕ್‌ಪೋಸ್ಟು. ಪೊಲೀಸಿನವರು ಕೈ ಅಡ್ಡ ಹಿಡಿದರು.

"ಏನಯ್ಯಾ, ಮುದುಕೀನ ಕೂರಿಸ್ಕೊಂಡು ತ್ರಿಬಲ್ ರೈಡಿಂಗಾ? ಇಳೀರಿ ಕೆಳಗೆ. ಬ್ಯಾಗಲ್ಲೇನು?"

"ಸೀರೆ ಸಾ" ಎಂದರು ಸಿದ್ಧಾರ್ಥ.

"ಏನ್ ಸೀರೆ?"

ಅಜ್ಜಿ ನಮಗಿಂತ ಮುಂಚೆ ಬಾಯಿ ತೆರೆದರು. "ಓಟಿನ ಸೀರೆ ಕಣಪ್ಪ!"

ಮುಗಿಯಿತಲ್ಲ ಕಥೆ! ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ಎದ್ದೇ ಬಂದರು. "ಯಾವ ಪಾರ್ಟಿ ಕೊಟ್ಟಿದ್ದು? ಇನ್ನೂ ಎಷ್ಟಿದೆ? ಎಲ್ಲಿ ಹಂಚ್ತಿದ್ದೀರ?" ಎಂದು ಶುರು ಹಚ್ಚಿಕೊಂಡರು. ಸಿದ್ಧಾರ್ಥ ರಾಜ್ಯಶಾಸ್ತ್ರದ ಭಾಷೆಯಲ್ಲಿ ಏನೋ ವಿವರಿಸಲು ಹೋಗಿ ಇನ್ನಷ್ಟು ಕೆಡಿಸಿದರು. ಬೈಕಿನ ಕೀ ಕಿತ್ತುಕೊಂಡರು. ಸೂರ್ಯ ನೆತ್ತಿ ದಾಟಿ ಪಡುವಣಕ್ಕೆ ವಾಲಿದ್ದ. ಕೊನೆಗೆ ಬ್ಯಾಗಿನಿಂದ ಸೀರೆ ಎಳೆದು ಅಧಿಕಾರಿಯ ಮುಖದ ಮುಂದೆ ಬಿಚ್ಚಿ ಹಿಡಿದೆ. ಬಣ್ಣ ಮಾಸಿದೆ, ಅಂಚು ಎರಡು ಕಡೆ ನೂಲು ಬಿಟ್ಟು ಜಿಬಿರು ಎದ್ದಿದೆ, ಇಲಿ ಕಚ್ಚಿದಲ್ಲಿ ನಾನೇ ಹಾಕಿದ ತೇಪೆ ಇದೆ.

"ನೋಡಿ ಸಾರ್, ಕಣ್ಣು ಬಿಟ್ಟು ನೋಡಿ. ಇಂಥ ಸೀರೆ ಕೊಟ್ಟರೆ ಯಾರಾದ್ರೂ ಓಟು ಹಾಕ್ತಾರಾ? ಉಗೀತಾರೆ! ಈ ಮುದುಕಿ ಓಟು ಹಾಕೋಕೆ ಹೋಗುವಾಗ ಉಡೋ ಸೀರೆ ಇದು. ಮನೆ ಹತ್ರ ನಿಮ್ಮೋರೇ ಕಾಯ್ತಾವ್ರೆ. ಹೊತ್ತಾದ್ರೆ ಇವರ ಓಟು ಹೋಯ್ತದೆ. ಆಮೇಲೆ ನೀವು ಕೊಡ್ತೀರಾ?"

ಅಧಿಕಾರಿ ತೇಪೆಯನ್ನು ಒಮ್ಮೆ ಮುಟ್ಟಿ ನೋಡಿದರು. ಅಜ್ಜಿಯ ಮುಖ ನೋಡಿದರು. ಕೀ ವಾಪಸು ಕೊಟ್ಟರು.

ನಮ್ಮ ಬೀದಿಯ ಬಾಯಿಗೆ ಬರುವಾಗ ಜೀಪು ತಿರುಗಿಸಿ ನಿಲ್ಲಿಸಿದ್ದರು, ಇಂಜಿನ್ ಚಾಲೂ ಇತ್ತು. ಇಂದ್ರಾಣಿ ಬಾಗಿಲು ಹಿಡಿದುಕೊಂಡು ವಾಣಿ ಮೇಡಂಗೆ ಕೈ ಮುಗಿಯುತ್ತಿದ್ದಳು. ನಾನು ಬೈಕಿನಿಂದ ಹಾರಿ ಜೀಪಿನ ಮುಂದೆ ಹೋಗಿ ನಿಂತೆ.

"ಇಷ್ಟು ಹೊತ್ತು ಕಾದಿದ್ದೀವಿ. ಇನ್ನೂ ಎರಡು ಊರಿಗೆ ಹೋಗಬೇಕು. ಏನು ಆಟ ಆಡ್ತಿದ್ದೀರಾ ನೀವು?" ಎಂದು ಮೇಡಂ ರೇಗಿದರು. ಅವರ ಮುಖವೂ ಬಿಸಿಲಿಗೆ ಕೆಂಪಾಗಿತ್ತು. ನಾನು ಬಾಯಿ ತೆರೆಯುವ ಮುಂಚೆ ಅಜ್ಜಿ ಊರುಗೋಲು ಊರಿಕೊಂಡು ಮುಂದೆ ಬಂದರು.

"ತೆಪ್ಪು ನಂದೇ ಕಣವ್ವ. ಓಡೋಗಿದ್ದೆ. ಒಂದ್ ಮಾತ್ ಕೇಳ್ತೀನಿ, ಏಳು. ನಾನು ಆಕುದ್ದನ್ನ ತಗದು ಬೇರೇದು ಮಡಗಿದ್ರೆ?"

ಮೇಡಂ ಇಂಜಿನ್ ಆಫ್ ಮಾಡುವಂತೆ ಡ್ರೈವರಿಗೆ ಕೈ ಮಾಡಿದರು. ಜೀಪಿನಿಂದ ಇಳಿದು ಬಂದು ಲಕೋಟೆ ತೋರಿಸಿದರು. "ನೋಡಿ ಅಜ್ಜಿ. ನೀವೇ ಗುರುತು ಹಾಕಿ, ನೀವೇ ಇದರೊಳಗಿಟ್ಟು, ನೀವೇ ಅಂಟಿಸಬೇಕು. ನೀವೇ ಪೆಟ್ಟಿಗೆಗೆ ಹಾಕಬೇಕು. ಈ ಹುಡುಗ ಎಲ್ಲಾನೂ ವಿಡಿಯೊ ಹಿಡೀತಾನೆ. ನೀವು ಗುರುತು ಹಾಕೋದನ್ನ ಮಾತ್ರ ಯಾರೂ ನೋಡಂಗಿಲ್ಲ, ನಾನೂ ನೋಡಂಗಿಲ್ಲ" ಎಂದರು.

"ಸೀರೆ ಉಟ್ಕೊಂಡ್ ಬತ್ತೀನಿ, ತಡಿ" ಎಂದರು ಅಜ್ಜಿ.

ಪೊಲೀಸಿನವರು ಹಣೆ ಚಚ್ಚಿಕೊಂಡರು. ನಾನು ಒಳಗೆ ಹೋಗಿ ಗಡಿಬಿಡಿಯಲ್ಲಿ ನೆರಿಗೆ ಹಿಡಿದೆ. ನಡುಮನೆಯಲ್ಲಿ ರಟ್ಟಿನ ಮರೆ ಇಟ್ಟರು. ಓದು ಬರದವರು ಜೊತೆಗೆ ಒಬ್ಬರನ್ನು ಕರೆದುಕೊಳ್ಳಬಹುದು ಎಂದು ಮೇಡಂ ಹೇಳಿದಾಗ ಸಿದ್ಧಾರ್ಥ ಒಂದು ಹೆಜ್ಜೆ ಮುಂದಿಟ್ಟರು. ಅಜ್ಜಿ ಊರುಗೋಲು ಅಡ್ಡ ಹಿಡಿದರು. "ಫೋಟೋ ಅವೆ, ನಂಗೆ ಕಣ್ಣವೆ. ನೀನು ಆಚೆ ನಡಿ" ಎಂದರು. ನಾವೆಲ್ಲ ಜಗಲಿಯ ಕಡೆ ಮುಖ ಮಾಡಿ ನಿಂತೆವು. ಒಳಗಿನಿಂದ ಸದ್ದೇ ಇಲ್ಲ. ಇನ್ನೂ ನಂಬಿಕೆ ಬಂದಿಲ್ಲವೇನೋ, ಹಿತ್ತಲ ಬಾಗಿಲು ತೆರೆದಿದೆಯೇನೋ ಎಂದುಕೊಂಡೆ. ಆಮೇಲೆ ಊರುಗೋಲಿನ ಸದ್ದು ಕೇಳಿಸಿತು. ಅಜ್ಜಿ ಲಕೋಟೆಯ ಅಂಟನ್ನು ಹೆಬ್ಬೆಟ್ಟಿನಿಂದ ಮೂರು ನಾಲ್ಕು ಸಲ ಒತ್ತಿ, ತಾವೇ ಪೆಟ್ಟಿಗೆಗೆ ಹಾಕಿದರು. ಯಾರಿಗೆ ಹಾಕಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ನಮ್ಮ ಅಜ್ಜಿ ಮುಗಿಸಲು ಬಿಡಬೇಕಲ್ಲ!

ಓಟಿನ ದಿನ ಬೆಳಿಗ್ಗೆ ಕಣ್ಣು ಬಿಟ್ಟರೆ ಅಜ್ಜಿ ಸ್ನಾನ ಮಾಡಿ, ಓಟಿನ ಸೀರೆ ಉಟ್ಟು, ಜಗಲಿಯಲ್ಲಿ ನಿಂತಿದ್ದಾರೆ. ಬೀದಿಯ ಹೆಂಗಸರೆಲ್ಲ ಮನೆ ಮುಂದೆ ಸೇರಿದ್ದಾರೆ. ಅಜ್ಜಿಯ ಓಟು ಆಗಿಹೋಗಿದೆ ಎಂಬುದು ಅವರಿಗೂ ಗೊತ್ತು. ಆದರೂ ಬೇರೆ ಯಾರು ಮುಂದೆ ನಡೆಯಬೇಕೋ ಗೊತ್ತಿಲ್ಲ. ಸಿದ್ಧಾರ್ಥ ಕೈ ಮುಗಿದರು. "ಅಜ್ಜಿ, ಬ್ಯಾಡ. ಎರಡನೇ ಸಲ ಹಾಕೋಕೆ ಬಂದವ್ಳೆ ಅಂತ ಕೇಸ್ ಹಾಕುದ್ರೆ? ಪೊಲೀಸ್ನೋರಿರ್ತಾರೆ."

"ನಾನೇನು ಇನ್ನೊಂದು ಓಟು ಕೊಡಿ ಅಂತೀನಾ? ನನ್ನ ಜಾಗ್ದಲ್ಲಿ ನಾನು ನಿಂತ್ಕೊಳಕ್ಕೆ ಯಾರ್ನ ಕೇಳ್ಬೇಕ್ಲಾ?" ಎಂದು ಹೊಸಿಲು ದಾಟಿದರು.

ಹಿಂದೆ ಬೀದಿಯೆಲ್ಲ ಹೊರಟಿತು. ಸ್ಕೂಲಿನ ಬಾಗಿಲಿಗೆ ನಾವೇ ಮೊದಲು. ಅಜ್ಜಿ ಮುಂದೆ, ಅವರ ಹಿಂದೆ ನಾನು, ನನ್ನ ಹಿಂದೆ ಪವಿತ್ರ. ಆಮೇಲೆ ಬಂದ ಮೇಲಿನ ಬೀದಿಯವರು ನಮ್ಮ ಹಿಂದೆ ಸೇರಿಕೊಂಡರು. "ಗೋವಿಂದಮ್ಮಂದು ಮನೇಲೇ ಆಯ್ತಂತಲ್ಲ, ಇನ್ಯಾಕೆ ಬಂದದೆ?" ಎಂದು ಯಾರೋ ಹಿಂದಿನಿಂದ ಅಂದದ್ದು ಕೇಳಿಸಿತು. ಅಜ್ಜಿ ತಿರುಗಿ ನೋಡಲಿಲ್ಲ. ನನಗ್ಯಾಕೋ ಭಯವಾಯಿತು. ಒಳಗೆ ಏನು ಮಾತಾಡುತ್ತಾರೋ, ಯಾರು ಏನು ಅನ್ನುತ್ತಾರೋ, ಇಷ್ಟು ಜನರ ಮುಂದೆ ಈ ವಯಸ್ಸಿನಲ್ಲಿ ಅವಮಾನವಾದರೆ ಅಜ್ಜಿ ಉಳಿಯುತ್ತಾರಾ ಎಂದೆಲ್ಲ ಯೋಚನೆ.

ಬಾಗಿಲು ತೆರೆಯಿತು. ಅಜ್ಜಿ ಒಳಗೆ ಹೆಜ್ಜೆ ಇಟ್ಟು ಚೀಟಿ ಕೊಟ್ಟರು. ಮೇಜಿನ ಹಿಂದೆ ಕೂತಿದ್ದವನು ಎಲ್ಲಿಂದಲೋ ಡ್ಯೂಟಿಗೆ ಬಂದ ಚಿಕ್ಕ ವಯಸ್ಸಿನ ನೌಕರ. ಹೆಸರು ಹುಡುಕಿ, ಅದರ ಮುಂದಿನ ಗುರುತು ನೋಡಿ, ತಲೆ ಎತ್ತಿದ.

"ಅಜ್ಜಿ, ನಿಮ್ಮದು ಆಗೋಗಿದೆ. ಹೋಗಿ" ಎಂದ.

ಪಾಪ, ಅವನಿಗೇನು ಗೊತ್ತು! ಅದೇ ಸ್ಕೂಲು, ಅದೇ ಬಾಗಿಲು, ಅದೇ ಮಾತು. ಅಜ್ಜಿ ಹಾಗೇ ನಿಂತರು. ಅವರ ಬೆನ್ನಷ್ಟೇ ಕಾಣುತ್ತಿತ್ತು ನನಗೆ. ಹಿಡಿದುಕೊಳ್ಳೋಣ ಎಂದು ಕೈ ಚಾಚಿದೆ.

ಅಜ್ಜಿ ಊರುಗೋಲನ್ನು ನೆಲಕ್ಕೆ ಗಟ್ಟಿಯಾಗಿ ಊರಿದರು. ಅವನಿಗೆ ಮಾತ್ರವಲ್ಲ, ಹೊರಗಿನ ಸಾಲಿನ ಕೊನೆಯವರಿಗೂ ಕೇಳುವಂತೆ ಹೇಳಿದರು.

"ಊಂ ಕಣಪ್ಪ, ಆಗದೆ. ನಾನೇ ಆಕಿವ್ನಿ."

ಆಮೇಲೆ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು. ಕಣ್ಣು ತುಂಬಿತ್ತು, ಮುಖದಲ್ಲಿ ನಗು.

"ಬಾ ಕೋಮ್ಲಾ. ನಿಂದು ಆಕು."